ಡಬ್ಬಕ್ಕ ಹುಡುಕಿದ ದನಿ

ಊರವರ ಬಾಯಲ್ಲಿ ಅವಳು ಡಬ್ಬಕ್ಕ. ಚಪ್ಪಟೆ ಪರದೆಗಳು ಬಂದ ಮೇಲೆ ಜನ ಬೀದಿಗೆ ಹಾಕಿದ ಡಬ್ಬದಂಥ, ಗೂನುಬೆನ್ನಿನ ಹಳೆಯ ಮಾನಿಟರುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ತರುತ್ತಿದ್ದವಳು ಅವಳೊಬ್ಬಳೇ. ಹೆಸರು ಅಲ್ಲಿಂದ ಅಂಟಿಕೊಂಡಿತು.

ಅಪ್ಪನ ಟೀವಿ ರಿಪೇರಿ ಅಂಗಡಿಯಲ್ಲೇ ಬೆಳೆದವಳು. ಅಪ್ಪ ಹೋದ ಮೇಲೆ ಅಂಗಡಿಯ ಮುಂಭಾಗದಲ್ಲಿ ತಮ್ಮ ಹೊಸ ಫೋನುಗಳನ್ನು ಮಾರತೊಡಗಿದ. ಹಿಂದಿನ ಶೆಡ್ಡಿನಲ್ಲಿ ಇವಳು ಹಳೆಯ ಯಂತ್ರಗಳನ್ನು ಬಿಚ್ಚಿ, ಧೂಳು ಒರೆಸಿ, ಯಾವುದು ಯಾವುದಕ್ಕೆ ಹೊಂದುತ್ತದೆಂದು ನೋಡಿ ಎತ್ತಿಡುತ್ತಿದ್ದಳು. ಸತ್ತಿತು ಎಂದುಕೊಂಡಿದ್ದ ಮಾನಿಟರುಗಳು ಅವಳ ಕೈಯಲ್ಲಿ ಎದ್ದು ಕೂತು ಮರದ ಮಿಲ್ಲಿಗೋ ಲಾರಿ ತೂಗುವ ಕಟ್ಟೆಗೋ ಮತ್ತೆ ಕೆಲಸಕ್ಕೆ ಹೋಗುತ್ತಿದ್ದವು. ಆದರೆ ಹೋಗುವುದಕ್ಕಿಂತ ಬರುವುದೇ ಹೆಚ್ಚು. ಶೆಡ್ಡು ಸೂರಿನ ತನಕ ತುಂಬಿತು.

"ಇದೇನು ಶೆಡ್ಡಾ, ಸ್ಮಶಾನಾನಾ?" ಎಂದು ತಮ್ಮ ಒಂದು ದಿನ ಕೂಗಾಡಿದ.

"ಸತ್ತಿದೆ ಅಂತ ನಿಂಗೆ ಯಾರು ಹೇಳಿದ್ದು?" ಎಂದು ಇವಳೂ ಕೂಗಿದಳು. ಅಂದಿನಿಂದ ಅಕ್ಕತಮ್ಮಂದಿರ ನಡುವೆ ಮಾತು ನಿಂತಿತು.

ಹೀಗಿರುವಾಗ ಪಕ್ಕದ ಬೀದಿಯ ಮೇಷ್ಟ್ರು ಹೇಳಿಕಳಿಸಿದರು. ಅವರಿಗೆ ಕಣ್ಣು ಕಾಣದು. ಅವರ ಹಳೆಯ ಕಂಪ್ಯೂಟರಿನೊಳಗೆ ಅಕ್ಷರವನ್ನು ದನಿಯಾಗಿಸುವ ಒಂದು ಕಾರ್ಡು ಇತ್ತು. ಅದು ಓದಿದ್ದನ್ನು ಕೇಳುತ್ತಲೇ ಅವರು ದೊಡ್ಡದೊಂದು ಕಾದಂಬರಿಯನ್ನು ಅನುವಾದಿಸುತ್ತಿದ್ದರು. ಆ ದನಿ ಈಗ ನಿಂತಿತ್ತು.

"ಹೊಸ ಕಂಪ್ಯೂಟರು ತಗೋಬಾರ್ದಾ ಮೇಷ್ಟ್ರೇ?" ಎಂದು ಅವರ ಮನೆಗೆ ಹೋದ ಡಬ್ಬಕ್ಕ ಕೇಳಿದಳು.

"ಮಗಳು ತಂದುಕೊಟ್ಟಿದಾಳಮ್ಮ. ಅದರ ದನಿ ಥೇಟ್ ಮನುಷ್ಯರದ್ದೇ. ಅದೇ ತೊಂದರೆ. ವೇಗ ಜಾಸ್ತಿ ಮಾಡಿದ್ರೆ ಮನುಷ್ಯರ ಹಾಗೇ ಅಕ್ಷರ ನುಂಗುತ್ತೆ. ನನ್ನದು ತಗಡಿನ ದನಿ, ಆದ್ರೆ ಒಂದು ಕೊಂಬು, ದೀರ್ಘ ಬಿಡ್ತಿರಲಿಲ್ಲ. ಅದು ಸಾಯೋ ಮುಂಚೆ ಸುಟ್ಟ ವಾಸನೆ ಬಂತು, ನೋಡು."

ಅವಳು ಕಾರ್ಡನ್ನು ಕಳಚಿ ಬೆಳಕಿಗೆ ಹಿಡಿದಳು. ನಡುವಿನ ಉದ್ದನೆಯ ಐಸಿ ಚಿಪ್ಪಿನ ಬೆನ್ನು ಒಡೆದು ಕಪ್ಪಾಗಿತ್ತು. ಉಳಿದದ್ದೆಲ್ಲ ಚೊಕ್ಕ. ಚಿಪ್ಪಿನ ಮೇಲಿನ ಸಂಖ್ಯೆ ಓದಿದೊಡನೆ ಅವಳಿಗೆ ನೆನಪಾಯಿತು. ಮುಚ್ಚಿಹೋದ ಶಾಲೆಯೊಂದರ ಯಂತ್ರದಿಂದ ಇಂಥದ್ದೇ ಕಾರ್ಡನ್ನು ತೆಗೆದು, ಏನೆಂದು ಗೊತ್ತಾಗದೆ ಶೆಡ್ಡಿನ ಮೂಲೆಯ ರಟ್ಟಿನ ಪೆಟ್ಟಿಗೆಗೆ ಹಾಕಿದ್ದಳು.

ಪಂತ ಬಿಟ್ಟು ತಮ್ಮನಿಗೆ ಫೋನು ಮಾಡಿದಳು. ಮೂಲೆಯ ರಟ್ಟಿನ ಪೆಟ್ಟಿಗೆ ತೆಗೆದಿಡು ಎಂದಳು.

"ಶೆಡ್ಡು ಖಾಲಿ ಅಕ್ಕಾ," ಎಂದ. "ನೀನಿಲ್ದಾಗ ಗುಜರಿ ಲಾರಿ ಕರೆಸಿದೆ. ಈಗಷ್ಟೇ ಹೋಯ್ತು."

ಅವಳು ಫೋನು ಇಟ್ಟಳು. ಮೇಷ್ಟ್ರ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದಳು.

ಗುಜರಿ ಅಂಗಳದ ಹೊರಗಿನಿಂದಲೇ ಪುಡಿ ಮಾಡುವ ಯಂತ್ರದ ಸದ್ದು ಕೇಳುತ್ತಿತ್ತು. ಅವಳ ಮಾನಿಟರುಗಳು ಒಂದರ ಮೇಲೊಂದು ಮಗುಚಿ ಬಿದ್ದಿದ್ದವು. ಜೆಸಿಬಿಯಂಥ ಸಲಿಕೆಗಾಡಿ ರಾಶಿಯ ಬುಡಕ್ಕೆ ಬಾಯಿ ಹಾಕಿ, ಸಿಕ್ಕಿದ್ದನ್ನು ಎತ್ತಿ ಬೆಲ್ಟಿಗೆ ಸುರಿಯುತ್ತಿತ್ತು. ಬೆಲ್ಟಿನ ತುದಿಯಲ್ಲಿ ಹಲ್ಲುಗಳು.

"ನಿಲ್ಸಿ! ಅದರಲ್ಲಿ ನಂದೊಂದು ಕಾರ್ಡು ಇದೆ!" ಎಂದು ಅವಳು ರಾಶಿ ಹತ್ತಿದಳು.

"ಇಳೀರಿ ಮೊದ್ಲು!" ಮೇಸ್ತ್ರಿ ಓಡಿಬಂದ. "ಕಾಲು ಜಾರಿದ್ರೆ ಮೂಳೆನೂ ಸಿಗಲ್ಲ. ನಿಮ್ಮ ಒಂದು ಕಾರ್ಡಿಗೋಸ್ಕರ ಬೆಲ್ಟ್ ನಿಲ್ಸಕ್ಕಾಗುತ್ತಾ?"

ಅವಳು ಇಳಿಯಲಿಲ್ಲ. ಸಲಿಕೆ ಮತ್ತೆ ಬಾಯಿ ತೆರೆದು ಬಂತು. ಆಗ ಬಾಗಿಲಲ್ಲಿ ಸ್ಕೂಟರೊಂದು ದಡಕ್ಕನೆ ಬಿತ್ತು. ಅದನ್ನು ಎತ್ತುವ ಗೋಜಿಗೂ ಹೋಗದೆ ತಮ್ಮ ಸಲಿಕೆಗೂ ರಾಶಿಗೂ ನಡುವೆ ಬಂದು ನಿಂತ.

"ಮಾರಿದೋನು ನಾನು! ತಪ್ಪು ನಂದು! ಡ್ರೈವರ್ ಒಂದು ಟೀ ಕುಡಿದು ಬರೋವರೆಗಾದ್ರೂ ಬಿಡಿ!"

ಮೇಸ್ತ್ರಿ ಹಣೆ ಚಚ್ಚಿಕೊಂಡು ಕೈ ಎತ್ತಿದ. ಯಂತ್ರ ನಿಂತಿತು.

"ಹೇಗಿರುತ್ತೆ ಅದು?" ತಮ್ಮ ಇಸ್ತ್ರಿ ಮಾಡಿದ ಅಂಗಿಯಲ್ಲೇ ರಾಶಿಗೆ ಕೈ ಹಾಕಿದ.

"ಹಸಿರಲ್ಲ, ಕಂದು. ನಡುವೆ ಜರಿಹುಳದ ಹಾಗೆ ಉದ್ದ ಚಿಪ್ಪು."

"ಇದಾ?"

"ಫೋನಿನ ತೂತು ಇದೆಯಲ್ಲೋ, ಅದು ಮೋಡೆಮ್ಮು."

"ಇದು?"

"ಮಾನಿಟರಿನ ಕಾರ್ಡು. ಬಿಡು ಅದನ್ನ, ಆ ಹರಿದ ರಟ್ಟು ಎತ್ತು!"

ಅವನ ಕೈ ಕುಯ್ದು ರಕ್ತ ಬರುತ್ತಿತ್ತು. ಡ್ರೈವರ್ ಲೋಟ ಕೆಳಗಿಟ್ಟು ಎದ್ದ. ಸಲಿಕೆಗಾಡಿ ಗುರುಗುಟ್ಟಿದಾಗ ತಮ್ಮ ರಟ್ಟಿನಡಿಯಿಂದ ಒಂದು ಕಂದು ಕಾರ್ಡನ್ನು ಎಳೆದ. ಅದು ಅರ್ಧಕ್ಕೆ ಮುರಿದಿತ್ತು. ಮುರಿದ ತುಂಡಿನ ಮೇಲೆ ಚಿಪ್ಪು ಮಾತ್ರ ತನ್ನ ಸಾಕೆಟ್ಟಿನ ಗೂಡಿನಲ್ಲೇ ಕೂತಿತ್ತು. ಅದರ ಲೋಹದ ಕಾಲೊಂದು ಗೂಡಿನಿಂದ ಹೊರಬಂದು ಮಡಚಿಹೋಗಿತ್ತು.

ಇಬ್ಬರೂ ಮೇಷ್ಟ್ರ ಮನೆಗೆ ಓಡಿದರು. ಕೂದಲೆಳೆಯಂಥ ಆ ಕಾಲನ್ನು ಒಂದು ಸಲ ನೆಟ್ಟಗೆ ಮಾಡಬಹುದು. ಇನ್ನೊಮ್ಮೆ ಬಾಗಿಸಿದರೆ ಮುರಿಯುತ್ತದೆ. ಡಬ್ಬಕ್ಕ ಚಿಮುಟದಲ್ಲಿ ಅದನ್ನು ಹಿಡಿದು ಮೆಲ್ಲಗೆ ಎತ್ತಿದಳು. ಮುರಿಯಲಿಲ್ಲ. ಸುಟ್ಟದ್ದನ್ನು ಕಿತ್ತು, ಈ ಚಿಪ್ಪನ್ನು ಮೇಷ್ಟ್ರ ಕಾರ್ಡಿನ ಗೂಡಿಗಿಟ್ಟು, ತಿರುಗುಮುರುಗಾಗಿಲ್ಲವೆಂದು ಮತ್ತೆ ಮತ್ತೆ ನೋಡಿ, ಹೆಬ್ಬೆರಳಿನಿಂದ ಒತ್ತಿದಳು.

ಕಾರ್ಡನ್ನು ಕಂಪ್ಯೂಟರಿಗೆ ಕೂರಿಸಿ ಸ್ವಿಚ್ಚು ಹಾಕಿದಾಗ ಒಳಗೆ ಡಿಸ್ಕು ಕಟಕಟ ಎಂದಿತು. ಆಮೇಲೆ ಅದೂ ನಿಂತಿತು. ಮೇಷ್ಟ್ರು ಕೀಲಿಮಣೆ ತಡವಿ ಏನೋ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಡಬ್ಬಕ್ಕ ತಮ್ಮನ ತೋಳು ಹಿಡಿದುಕೊಂಡಳು.

ಥಟ್ಟನೆ ತಗಡು ಕೆರೆದಂಥ ದನಿಯೊಂದು ಗಡಗಡನೆ ಹೊರಟಿತು. ಆ ವೇಗದಲ್ಲಿ ಅಕ್ಕತಮ್ಮಂದಿರಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಮೇಷ್ಟ್ರ ಮುಖ ಅರಳಿತು.

"ಏನಂತು ಮೇಷ್ಟ್ರೇ?" ಎಂದ ತಮ್ಮ.

"ಕಥಾನಾಯಕಿನ ಬಾಗಿಲಲ್ಲಿ ನಿಲ್ಲಿಸಿ ಬಿಟ್ಟಿದ್ದೆ ಕಣಪ್ಪ. ಪಾಪ, ಇನ್ನೂ ಅಲ್ಲೇ ನಿಂತಿದಾಳೆ," ಎಂದು ಅವರು ಕಣ್ಣೊರೆಸಿಕೊಂಡು ನಕ್ಕರು.

ಗುಜರಿ ಅಂಗಳದಲ್ಲಿ ಉಳಿದದ್ದೆಲ್ಲ ಅಂದೇ ಪುಡಿಯಾಗಿತ್ತು. ಅದಕ್ಕಾಗಿ ಡಬ್ಬಕ್ಕ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. ತಮ್ಮ ಕ್ಷಮೆ ಕೇಳಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಖಾಲಿ ಶೆಡ್ಡಿನ ಒಂದು ಗೋಡೆಗೆ ಕಬ್ಬಿಣದ ಅಟ್ಟಣಿಗೆ ಕೂರಿಸಿಕೊಟ್ಟ. ಆ ಗೋಡೆ ತುಂಬಿದ ಮೇಲೆ ಒಂದು ಬಂದರೆ ಒಂದು ಹೋಗಬೇಕೆಂದು ಇಬ್ಬರೂ ಒಪ್ಪಿಕೊಂಡರು. ಏನು ಹೋಗಬೇಕೆಂದು ಹೇಳುವವಳು ಅಕ್ಕನೇ. ಮೇಷ್ಟ್ರ ಕಾದಂಬರಿ ಮುಗಿದು ಅಚ್ಚಾಯಿತು. ಆ ಚಿಪ್ಪಿಗೂ ವಯಸ್ಸಾಗಿದೆಯೆಂದು ಬಲ್ಲ ಡಬ್ಬಕ್ಕ, ಇವತ್ತಿಗೂ ಕೈಗೆ ಬಂದ ಪ್ರತಿ ಕಂದು ಕಾರ್ಡನ್ನೂ ಬೆಳಕಿಗೆ ಹಿಡಿದೇ ಕೆಳಗಿಡುತ್ತಾಳೆ.