ಮನೆಗೆ ಕರಕೊಂಡು ಹೋಗುವವರು ಯಾರು

ರೋಗಿಗಳ ಆಪರೇಷನ್ ಯಾಕೆ ತಡವಾಗುತ್ತದೆ ಎಂದು ತಿಳಿಯುವ ಸಮೀಕ್ಷೆಗಾಗಿ ನಾನು ಕೊಲ್ಲಿ ದೇಶದ ಅಸ್ಕರ್ ಎಂಬ ಊರಿನ ಕಾರ್ಮಿಕರ ಕ್ಯಾಂಪಿಗೆ ಹೋಗಿದ್ದೆ. ನನ್ನ ಫಾರಂನಲ್ಲಿ ಮೂರೇ ಕಾರಣಗಳಿದ್ದವು: ದೂರ, ರಜೆ, ಭಯ. ಒಂದಕ್ಕೆ ಟಿಕ್ ಹಾಕಬೇಕು.

ಉಳ್ಳಾಲದ ಹಮೀದಾಕ ಅಲ್ಲಿನ ಕಂಪನಿ ವ್ಯಾನಿನ ಡ್ರೈವರ್. ಅವರ ಹರ್ನಿಯಾ ಆಪರೇಷನ್ ಎರಡು ಸಲ ತಪ್ಪಿಹೋಗಿತ್ತು.

"ಆಸ್ಪತ್ರೆ ದೂರವಾ?" ಎಂದೆ.

"ಎಂತ ದೂರ ಮೇಡಂ, ವಾರಕ್ಕೆ ಮೂರು ಸಲ ಹೋಗ್ತೇನೆ. ಕ್ಯಾಂಪಿನವರನ್ನು ಆಪರೇಷನ್‌ಗೆ ಬಿಡುವುದೂ ನಾನೇ, ವಾಪಸ್ ತರುವುದೂ ನಾನೇ."

"ರಜೆ ಸಿಗಲಿಲ್ವಾ?"

"ಮ್ಯಾನೇಜರ್ ಎರಡು ಸಲವೂ ಕೊಟ್ಟರು."

"ಹಾಗಾದರೆ ಭಯ."

"ಭಯ ಎಂತದು? ಅಲ್ಲಿನ ನರ್ಸ್‌ಗಳು ನನಗೆ ಚಾ ಕೊಡ್ತಾರೆ. ಮನೆಗೆ ಕರಕೊಂಡು ಹೋಗುವವರು ಯಾರು ಅಂತ ಆಸ್ಪತ್ರೆಯ ಫಾರಂನಲ್ಲಿ ಕೇಳ್ತಾರಲ್ಲ, ಯಾವಾಗಲೂ ಬರೆಯುವ ಹಾಗೆ ನನ್ನ ಹೆಸರು ಬರೆದೆ. ಮಂಪರಿನಲ್ಲಿರುವವ ವ್ಯಾನ್ ಬಿಡುವುದು ಹೇಗೆ ಅಂತ ಆಪರೇಷನ್ ಮಾಡದೆ ವಾಪಸ್ ಕಳಿಸಿಬಿಟ್ಟರು."

"ಎರಡನೇ ಸಲ?"

"ಆಗಲೂ ಅದನ್ನೇ ಬರೆದೆ. ಕ್ಯಾಂಪಿನಲ್ಲಿ ಬೇರೆ ಯಾರಿಗೂ ಲೈಸೆನ್ಸ್ ಇಲ್ಲ. ಸುಳ್ಳು ಬರೆಯಲಿಕ್ಕೆ ಆಗ್ತದಾ?"

ಸಮೀಕ್ಷೆಗೆ ಹೋದವರು ಜನರ ವಿಷಯದಲ್ಲಿ ಕೈ ಹಾಕಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಆದರೂ ಮೂರನೇ ಸಲದ ಫಾರಂನಲ್ಲಿ ನನ್ನ ಹೆಸರು, ನಂಬರ್ ಬರೆದುಕೊಟ್ಟೆ. ಆಪರೇಷನ್ ಸಲೀಸಾಗಿ ಆಯಿತು. ಟ್ಯಾಕ್ಸಿಯಲ್ಲಿ ಕರೆತಂದೆ. ಹಿಂದಿನ ಸೀಟಿನಲ್ಲಿ ಒರಗಿಕೊಂಡೇ ಹಮೀದಾಕ ದಾರಿಯುದ್ದಕ್ಕೂ ಟ್ಯಾಕ್ಸಿಯವನಿಗೆ ಬ್ರೇಕ್ ಹಾಕುವುದನ್ನು ಕಲಿಸಿದರು.

ಮರುವಾರ ಆಸ್ಪತ್ರೆಯಿಂದ ಫೋನ್ ಬಂತು. ಅಸ್ಕರ್ ಕ್ಯಾಂಪಿನ ಇಬ್ಬರು ಡಿಸ್ಚಾರ್ಜ್ ಆಗಿದ್ದಾರೆ, ಬಂದು ಕರಕೊಂಡು ಹೋಗಿ ಎಂದಳು ನರ್ಸ್. ಹಮೀದಾಕ ಇನ್ನೂ ರೆಸ್ಟಿನಲ್ಲಿದ್ದರು. ಬದಲಿಗೆ ನನ್ನ ನಂಬರ್ ಕೊಟ್ಟಿದ್ದರಂತೆ.

ನನಗೆ ಸೈಕಲ್ ಬಿಡಲಿಕ್ಕೂ ಬರುವುದಿಲ್ಲ.