ಹಿತ್ತಲ ಒಲೆಗೆ ಕಾಕಿ

ಚಿಕ್ಕೋಡಿಯ ನಮ್ಮ ತರಬೇತಿ ಕೇಂದ್ರದ ಹಿಂದೊಂದು ಖಾನಾವಳಿ ಇದೆ. ಹನ್ನೊಂದು ದಾಟಿತೆಂದರೆ ಅಲ್ಲಿ ರೊಟ್ಟಿ ಬಡಿಯುವ ಸದ್ದು ಶುರು. ಇಷ್ಟು ವರ್ಷ ಆ ಸದ್ದಿಗೆ ನನಗೆ ಹಸಿವಾಗುತ್ತಿತ್ತು. ಹೋದ ವಾರದಿಂದ ನಾಚಿಕೆಯಾಗುತ್ತಿದೆ. ಯಾಕೆಂದು ಹೇಳುತ್ತೇನೆ, ನೀವು ಬೈದರೂ ಸರಿಯೇ.

ನನ್ನ ಕಸುಬು ಪಾಠ ಹೇಳುವುದು. ಯಾರನ್ನು ಎಲ್ಲಿ ನಿಲ್ಲಿಸಬೇಕು, ಇರುವ ಜನದಲ್ಲೇ ಕೆಲಸವನ್ನು ಗಡುವಿನೊಳಗೆ ಹೇಗೆ ಮುಗಿಸಬೇಕು, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅನ್ನುತ್ತಾರಲ್ಲ, ಅದು. ಒಣ ಮಾತು ಹೇಳಿದರೆ ನಮ್ಮ ಮಂದಿ ಆಕಳಿಸುತ್ತಾರೆ. ಅದಕ್ಕೇ ಮದುವೆಯ ಹೋಲಿಕೆ ಕೊಡುತ್ತೇನೆ. ಮದುವೆಯೇ ಪ್ರಾಜೆಕ್ಟು, ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತೇ ಗಡುವು, ಬಂಧುಬಳಗವೇ ರಿಸೋರ್ಸು. ನಮ್ಮ ಕಡೆ ಅಕ್ಕಿಕಾಳೂ ಒಂದು ತಾಸು ತಡವಾಗಿ ಬೀಳುತ್ತದೆ ಅನ್ನುವುದು ಬೇರೆ ಮಾತು.

ಉದಾಹರಣೆಗೆ ಹೇಳುವುದು ದಿಗ್ಗೇವಾಡಿಯಲ್ಲಾದ ನನ್ನ ತಂಗಿ ಸುಮಾಳ ಮದುವೆ. ಅವ್ವ ತೀರಿದಾಗ ಸುಮಾ ತೊಟ್ಟಿಲ ಕೂಸು. ಎತ್ತಿ ಬೆಳೆಸಿದವಳು ಕಾಕಿ, ನಮ್ಮ ಚಿಕ್ಕಪ್ಪನ ಹೆಂಡತಿ. ಮದುವೆಯ ಹೊತ್ತಿಗೆ ನಾನು ಈ ವಿದ್ಯೆ ಹೊಸದಾಗಿ ಕಲಿತು ಬಂದಿದ್ದೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ! ಗೋಡೆಗೆ ಚಾರ್ಟ್ ಅಂಟಿಸಿ ಎಲ್ಲರಿಗೂ ಕೆಲಸ ಹಂಚಿದೆ. ಅಕ್ಕಿಕಾಳು ಬಿದ್ದ ಕೂಡಲೇ ಬೀಗರ ಪಂಕ್ತಿ, ಅವರಿಗೆ ಬಿಸಿ ರೊಟ್ಟಿ. ಕಾಕಿಯ ರೊಟ್ಟಿಗೆ ಊರಲ್ಲೇ ಸಾಟಿಯಿಲ್ಲ. ಹಿತ್ತಲ ಒಲೆಗೆ ಕಾಕಿ ಎಂದು ಬರೆದೆ.

ಅಕ್ಕಿಕಾಳಿಗೆ ಇನ್ನೇನು ಹೊತ್ತಾಯಿತು ಅನ್ನುವಾಗ ಕಾಕಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ತಮ್ಮಾ, ಅಕ್ಕಿಕಾಳ ಹಾಕಿ ಬರ್ತೀನೋ. ಹಿಂಗ ಹೋಗಿ ಹಂಗ ಬರ್ತೀನಿ.”

“ನೀ ಎದ್ರ ಒಲಿ ನಿಂದರತೈತಿ ಕಾಕಿ. ಬೀಗರ ಮುಂದ ಮಾನ ಹೋಗತೈತಿ. ಸುಮಾನ ಆಮ್ಯಾಲ ನೋಡಂತಿ, ಹೋಗು.”

ಅವಳು ಒಲೆಯ ಕಡೆ ತಿರುಗಿದಳು.

ಪಂಕ್ತಿ ಸುಸೂತ್ರವಾಗಿ ಮುಗಿಯಿತು. ಇದನ್ನೇ ವರ್ಷಗಟ್ಟಲೆ ಮೀಸೆ ತಿರುವಿಕೊಂಡು ಹೇಳಿದ್ದೇನೆ: “ಒಳ್ಳೆಯ ಆಳನ್ನು ಬಿಕ್ಕಟ್ಟಿನ ಜಾಗದಿಂದ ಕದಲಿಸಬೇಡಿ!” ಚಪ್ಪಾಳೆ ಬೀಳುತ್ತಿತ್ತು.

ಹೋದ ವಾರ ಅಥಣಿಯಿಂದ ಬಂದ ಒಬ್ಬ ಹೆಣ್ಣುಮಗಳು ಎದ್ದು ಕೇಳಿದಳು: “ಸರ್, ಆ ರೊಟ್ಟಿ ಬಡ್ಯಾಕಿ ಮದುಮಗಳಿಗೆ ಏನಾಗಬೇಕ್ರಿ? ಆಕಿ ಅಕ್ಕಿಕಾಳ ಹಾಕಿದ್ಲೇನ್ರಿ?”

ಅದು ಪಾಠದ ವಿಷಯವಲ್ಲ ಅಂದುಬಿಟ್ಟೆ. ಛೀ, ಎಂಥ ಮಾತು!

ಭಾನುವಾರ ದಿಗ್ಗೇವಾಡಿಗೆ ಹೋದೆ. ಕಾಕಿಗೀಗ ಕಣ್ಣು ಮಂಜು. ಪಕ್ಕದಲ್ಲಿ ಕುಳಿತು, “ಅವತ್ತ ನಿನ್ನ ತಡದು ತಪ್ಪ ಮಾಡಿದ್ನಿ ಕಾಕಿ” ಎಂದೆ.

“ಏ ಹುಚ್ಚಪ್ಪಾ, ಅದೇನ ಈಗ! ವಾಜಂತ್ರಿ ಊದೂದು ಕೇಳಿದ ಕೂಡ್ಲೆ ಒಲಿ ಮುಂದ ಎದ್ದ ನಿಂತ್ನಿ. ಕೈಯಾಗ ಹಿಟ್ಟಿತ್ತು. ಅದನ್ನ ಹಂದರದ ಕಡೆ ತೂರಿದ್ನಿ.” ಆಮೇಲೆ ಖುಷಿಯಿಂದ ನನ್ನ ಮೊಣಕಾಲು ತಟ್ಟಿದಳು. “ನಿನ್ನ ಪಾಠದಾಗ ನಾನೂ ಅದೀನಂತಲ್ಲ, ಸುಮಾ ಹೇಳಿದ್ಲು. ಅಷ್ಟ ಮಂದಿ ಮುಂದ ನನ್ನ ಯಾರಂತ ಹೇಳ್ತಿ?”

ನನ್ನ ಸ್ಲೈಡಿನಲ್ಲಿ ಕಾಕಿಗೆ ಹೆಸರಿಲ್ಲ. ನಾಲ್ಕನೆಯ ಸಾಲಿನಲ್ಲಿ ‘ರಿಸೋರ್ಸ್ ನಾಲ್ಕು’ ಎಂದಷ್ಟೇ ಇದೆ.

“ಸುಮಾನ ಅವ್ವ ಅಂತ ಹೇಳ್ತೀನಿ” ಎಂದು ಸುಳ್ಳು ಹೇಳಿದೆ. ಕಾಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ.

ಇವತ್ತು ಮತ್ತೆ ಅದೇ ಪಾಠ. ನಾಲ್ಕನೆಯ ಸಾಲು ಪರದೆಯ ಮೇಲೆ ಬಂದಾಗ ನಿಲ್ಲಿಸಿ ಹೇಳಿದೆ: “ಈಕೆ ಮದುಮಗಳ ಅವ್ವ. ಅಕ್ಕಿಕಾಳು ಹಾಕಲು ನಾನು ಬಿಡಲಿಲ್ಲ.”