ದೊಡ್ಡಪ್ಪನ ನಲವತ್ತೇಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ದೊಡ್ಡಪ್ಪನನ್ನು ನಲವತ್ತೇಳು ರನ್ನಿಗೆ ಔಟ್ ಮಾಡಿದವನು ನಾನು. ನಾನು ಎದುರಾಳಿ ತಂಡದಲ್ಲಿರಲಿಲ್ಲ. ಯಾವ ತಂಡದಲ್ಲೂ ಇರಲಿಲ್ಲ. ಹನ್ನೊಂದು ವರ್ಷದ ನಾನು ತಂತಿಬಲೆಯ ಹಿಂದೆ ಮಡಿಸುವ ಕುರ್ಚಿಯಲ್ಲಿ ಕೂತು ಚಿಪ್ಸ್ ತಿನ್ನುತ್ತಿದ್ದೆ. ಚೆಂಡು ಮುಟ್ಟದೆ, ಕುರ್ಚಿಯಿಂದ ಏಳದೆ, ಬರೀ ಬಾಯಿಂದ ಒಬ್ಬ ಬ್ಯಾಟ್ಸ್‌ಮನ್ನನ್ನು ರನ್‌ಔಟ್ ಮಾಡಿದವರು ಈ ಬೇ ಏರಿಯಾದಲ್ಲಿ ಇನ್ನೊಬ್ಬರಿದ್ದರೆ ಬಂದು ಕೈಕುಲುಕಲಿ.

ಇದೆಲ್ಲ ಮಂಗಳವಾರಗಳಂದು ನೆನಪಾಗುತ್ತದೆ. ನಾನೀಗ ಬರ್ಕ್ಲಿಯಲ್ಲಿ ಬಾಡಿಗೆಗಿರುವ ಬೀದಿಯ ತುದಿಯಲ್ಲಿ ಬಿಯರ್ ತಯಾರಿಸುವವರ ಸಣ್ಣದೊಂದು ಶೆಡ್ಡಿದೆ. ಮಂಗಳವಾರ ಬೆಳಿಗ್ಗೆ ಅವರು ಮಾಲ್ಟ್ ಕುದಿಸುತ್ತಾರೆ. ಅರ್ಧ ಅಂಬಲಿ, ಅರ್ಧ ಸುಟ್ಟ ಬ್ರೆಡ್ಡು, ಮೇಲೆ ಒಂದಿಷ್ಟು ಕಹಿ ಹೂವಿನ ಘಾಟು ಸೇರಿದ ಆ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿದ್ದಂತೆ ನನ್ನ ಕಾಫಿ ಆರಿಹೋಗುತ್ತದೆ, ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿರುತ್ತಾರೆ, ನಾನು ಮಾತ್ರ ಬೆರ್ರಿಯೆಸಾದ ನಮ್ಮ ಹಳೆಯ ಮನೆಯ ಗರಾಜಿನಲ್ಲಿ ಬರಿಗಾಲಲ್ಲಿ ನಿಂತಿರುತ್ತೇನೆ. ನೀವೂ ಒಂದು ಮನೆಯನ್ನು ಕಳೆದುಕೊಂಡವರಾಗಿದ್ದರೆ ನಿಮ್ಮದೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ.

ಬೆರ್ರಿಯೆಸಾದ ಆ ಮನೆಯಲ್ಲಿ ಎರಡು ಸಂಸಾರಗಳಿದ್ದವು. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು ಅನಘ ಬೀದಿಯ ಕಡೆಯ ಕೋಣೆಗಳಲ್ಲಿ. ಅಪ್ಪ, ಅಮ್ಮ, ನಾನು ಹಿತ್ತಲ ನಿಂಬೆಗಿಡದ ಕಡೆಗೆ. ಅಡುಗೆಮನೆ ಒಂದೇ. ಹಿಂದಿನ ಕಿಟಕಿಯಲ್ಲಿ ಪೂರ್ವದ ಬೆಟ್ಟಗಳು ಚಳಿಗಾಲದ ಎರಡು ತಿಂಗಳು ಹಸಿರಾಗಿದ್ದು, ಉಳಿದ ಹತ್ತು ತಿಂಗಳು ದೊಡ್ಡಮ್ಮ ಹೇಳುವಂತೆ ಹೆಚ್ಚು ಕೆಂಪಗಾದ ದೋಸೆಯ ಬಣ್ಣದಲ್ಲಿರುತ್ತಿದ್ದವು. ಅಲ್ಲಿ ಹುಟ್ಟಿದ ನಮ್ಮಂಥವರಿಗೆ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಅನಘ ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ತಿರುಗಿ ಬೈಯುತ್ತಿದ್ದಳು. ನಾನು ಕನ್ನಡ ಕಲಿತದ್ದು ಅಣಕಿಸುವುದಕ್ಕೆ. ದೊಡ್ಡಪ್ಪನ ಮೈಸೂರಿನ ನಿಧಾನ, ಧಾರವಾಡದ ದೊಡ್ಡಮ್ಮನ ಖಡಕ್ಕು, ಫೋನಿನಲ್ಲಿ ಮಾತ್ರ ಹಾಡಿನಂತಾಗುವ ಅಮ್ಮನ ಹಲೋ, ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ನನ್ನ ಸ್ವಂತ ದನಿ ಆಗ ಮಿಕ್ಸಿಯೊಳಗೆ ಚಮಚ ಬಿದ್ದಂತಿತ್ತು. ಹಾಗಾಗಿ ಅದನ್ನು ಆದಷ್ಟು ಕಡಿಮೆ ಬಳಸುತ್ತಿದ್ದೆ. ಅಪ್ಪನನ್ನು ಮಾತ್ರ ಯಾರ ಮುಂದೆಯೂ ಅಣಕಿಸಿರಲಿಲ್ಲ. ಮಾತಿನ ಕೊನೆಯನ್ನು ನುಂಗಿಬಿಡುವ ಆ ದನಿ ಬಹಳ ಕಷ್ಟದ್ದು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆ.

ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಅದು ದೊಡ್ಡಪ್ಪನ ಬಿಯರ್ ಕಾರ್ಖಾನೆ. ದೊಡ್ಡಮ್ಮ ಹಬ್ಬದ ಸಾರಿಗೆಂದು ಕೊಂಡಿದ್ದ ದೊಡ್ಡ ಸ್ಟೀಲ್ ಪಾತ್ರೆ ಒಂದು ಶನಿವಾರ ಅಲ್ಲಿಗೆ ಹೋದದ್ದು ವಾಪಸು ಅಡುಗೆಮನೆ ಸೇರಲೇ ಇಲ್ಲ. "ನನ್ ಪಾತೇಲಿ ಎಲ್ಲೈತ್ರೀ?" ಎಂದು ಅವಳು ಕೇಳಿದರೆ ದೊಡ್ಡಪ್ಪ, "ಇಲ್ಲೇ ಇದೆ ಕಣೇ, ಕ್ಷೇಮವಾಗಿದೆ" ಎನ್ನುತ್ತಿದ್ದರು, ಪರವೂರಿನ ನೆಂಟರ ಸುದ್ದಿ ಹೇಳುವವರ ಹಾಗೆ. ಬಾರ್ಲಿ ಮಾಲ್ಟಿನ ಜೊತೆಗೆ ಅವರು ಮನೆಯಲ್ಲೇ ಹುರಿದ ರಾಗಿ ಸೇರಿಸುತ್ತಿದ್ದರು. ಕುದಿಸಿ, ಆರಿಸಿ, ಯೀಸ್ಟ್ ಹಾಕಿ, ದೊಡ್ಡ ಗಾಜಿನ ಬುರುಡೆಗೆ ತುಂಬಿ, ಅದಕ್ಕೆ ಅಪ್ಪನ ಹಳೆಯ ಸ್ವೆಟರ್ ತೊಡಿಸಿ ಮೂಲೆಯಲ್ಲಿ ಕೂರಿಸುತ್ತಿದ್ದರು. ಅದರ ಪಕ್ಕದಲ್ಲೇ ದೊಡ್ಡಮ್ಮನ ಇಡ್ಲಿ ಹಿಟ್ಟು, ಏಕೆಂದರೆ ಇಡೀ ಮನೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ಎರಡೂ ಒಟ್ಟಿಗೆ ಹುದುಗುತ್ತಿದ್ದವು. ಯಾವುದು ಮೊದಲು ಉಕ್ಕುತ್ತದೆಂದು ಗಂಡ ಹೆಂಡತಿಯ ನಡುವೆ ಪಂದ್ಯ. ಬಾಟಲಿಗೆ ತುಂಬುವ ದಿನ ಎಲ್ಲರಿಗೂ ಕೆಲಸ: ಅಮ್ಮ ಬಾಟಲಿ ತೊಳೆಯುವಳು, ಅಪ್ಪ ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಎಳೆದು ಬಿಯರನ್ನು ಹರಿಸುವನು, ಕೈ ನಡುಗದ ದೊಡ್ಡಮ್ಮ ತುಂಬುವಳು, ಅನಘ ಮುಚ್ಚಳ ಒತ್ತುವಳು, ನಾನು ಚೀಟಿ ಅಂಟಿಸುವವನು. ನಮಗಿಬ್ಬರಿಗೆ ಬೇರೆಯಾಗಿ ಶುಂಠಿ, ಬೆಲ್ಲ, ನಿಂಬೆಹಣ್ಣಿನ ಬುಸಬುಸ ಪಾನಕ.

ರಾಗಿ ಬಿಯರು ಮೊದಲ ಬಾರಿ ನಿಜಕ್ಕೂ ಚೆನ್ನಾಗಿ ಬಂದ ವರ್ಷ ದೊಡ್ಡಪ್ಪ ಹನ್ನೆರಡು ಬಾಟಲಿಗಳನ್ನು ಪಕ್ಕಕ್ಕೆತ್ತಿಟ್ಟರು. ಚೀಟಿಯ ಮೇಲೆ "೫೦" ಎಂದು ನನ್ನ ಕೈಯಲ್ಲೇ ಬರೆಸಿದರು. ಭಾನುವಾರದ ಕ್ರಿಕೆಟ್ ಲೀಗಿನಲ್ಲಿ ಹನ್ನೆರಡು ವರ್ಷ ಆಡಿದ್ದ ಅವರ ಅತಿ ದೊಡ್ಡ ಸ್ಕೋರು ಮೂವತ್ತೊಂದು. ಐವತ್ತು ಹೊಡೆದ ದಿನ ಇದನ್ನು ತೆಗೆಯುವುದು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದರು. ಅಪ್ಪ ನಕ್ಕು, "ಅಣ್ಣಾ, ಅಷ್ಟೊತ್ತಿಗೆ ವಿನಿಗರ್ ಆಗಿರುತ್ತೆ" ಎಂದ. ಅಷ್ಟರಲ್ಲಿ ಡಾಕ್ಟರು ದೊಡ್ಡಪ್ಪನ ಮೊಣಕಾಲಿನ ಎಕ್ಸ್‌ರೇ ನೋಡಿ, ಈ ಸೀಸನ್ ಮುಗಿದ ಮೇಲೆ ಓಡುವ ಮಾತೇ ಇಲ್ಲ ಎಂದುಬಿಟ್ಟರು. ಆಮೇಲೆ ನಗುವುದು ನಿಂತಿತು.

ಸೀಸನ್ನಿನ ಕೊನೆಯ ಪಂದ್ಯ. ನಮ್ಮ ಮೈದಾನ ಒಂದು ಬೇಸ್‌ಬಾಲ್ ಪಾರ್ಕು. ಭಾನುವಾರ ಬೆಳಿಗ್ಗೆ ಮಾತ್ರ ನಮಗೆ. ಒಂದು ತುದಿಯ ವಿಕೆಟ್ಟಿನ ಹಿಂದೆ ಹದಿನೈದು ಹೆಜ್ಜೆಗೆ ಬೇಸ್‌ಬಾಲಿನವರ ಎತ್ತರದ ತಂತಿಬಲೆ, ಅದರ ಹಿಂದೆ ನಾನು ಮತ್ತು ಅನಘ. ಅಣ್ಣ ತಮ್ಮ ಇಬ್ಬರೂ ಕ್ರೀಸಿನಲ್ಲಿದ್ದರು. ದೊಡ್ಡಪ್ಪ ಅವತ್ತು ಯಾಕೋ ಬೇರೆಯವರೇ ಆಗಿದ್ದರು. ಬ್ಯಾಟಿಗೆ ಚೆಂಡು ತಾಗುವ ಸದ್ದೇ ಬೇರೆ. ನಲವತ್ತಾರು ಆಯಿತು. ಮುಂದಿನ ಚೆಂಡನ್ನು ಅವರು ಹುಲ್ಲಿನಲ್ಲಿ ಮೇಯುತ್ತಿದ್ದ ಹೆಬ್ಬಾತುಗಳ ಕಡೆ ತಳ್ಳಿ ಒಂದು ರನ್ ಓಡಿದರು. ನಲವತ್ತೇಳು. ಆಚೆ ತುದಿ ಮುಟ್ಟಿ, ನಮಗೆ ಬೆನ್ನು ಹಾಕಿ, ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತ ನಿಂತರು. ಅಪ್ಪ ಈಚೆ ತುದಿಯಲ್ಲಿ, ನನ್ನ ಮುಂದೆಯೇ ಇದ್ದ. ಹೆಬ್ಬಾತುಗಳು ಕುತ್ತಿಗೆ ಚಾಚಿ ಎದ್ದುಬಂದದ್ದಕ್ಕೆ ಫೀಲ್ಡರ್ ಹಿಂದೇಟು ಹಾಕಿದ. ಆಗ ನನ್ನ ಬಾಯಿಂದ, ಅಪ್ಪನ ದನಿಯಲ್ಲಿ, ಕೊನೆಯನ್ನು ನುಂಗುವ ಶೈಲಿಯನ್ನೂ ಬಿಡದೆ ಬಂದುಬಿಟ್ಟಿತು: "ಅಣ್ಣಾ, ಇನ್ನೊಂದಿದೆ, ಬಾ ಬಾ ಬಾ!"

ದೊಡ್ಡಪ್ಪ ಕತ್ತೆತ್ತಿಯೂ ನೋಡದೆ, ನಂಬಿ ತಿರುಗಿ ಓಡಿದರು. ಅಪ್ಪ ಅಲುಗಲಿಲ್ಲ. ಅವನಿಗೂ ಕೂಗು ಕೇಳಿಸಿತ್ತು, ಆದರೆ ತನ್ನ ದನಿಯನ್ನು ತಾನೇ ಯಾರು ಗುರುತಿಸುತ್ತಾರೆ? ನೋಡುವವರಲ್ಲಿ ಯಾರೋ ಅರಚಿದರು ಎಂದುಕೊಂಡ. ಅರ್ಧ ದಾರಿಯಲ್ಲಿ ದೊಡ್ಡಪ್ಪ ಕತ್ತೆತ್ತಿದಾಗ ತಮ್ಮ ಕಂಬದ ಹಾಗೆ ನಿಂತಿದ್ದ. ಹಿಂದಕ್ಕೆ ತಿರುಗಲು ಮೊಣಕಾಲು ಒಪ್ಪಲಿಲ್ಲ. ಅವರು ಪಿಚ್ಚಿಗೆ ಹಾಸಿದ್ದ ಮ್ಯಾಟಿನ ಮೇಲೆ ಕೂತರು, ಆಚೆ ತುದಿಯಲ್ಲಿ ವಿಕೆಟ್ ಬಿತ್ತು. ನನ್ನ ಜೀವಮಾನದ ಅತ್ಯುತ್ತಮ ಅಣಕಕ್ಕೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿ ಅನಘ ಮಾತ್ರ ನನ್ನ ಚಿಪ್ಸ್ ಪೊಟ್ಟಣ ಕಿತ್ತುಕೊಂಡು ಪಿಸುಗುಟ್ಟಿದಳು, "ಅಭಿ, ಯು ಆರ್ ಸೋ ಡೆಡ್."

ಪಂದ್ಯ ಮುಗಿದ ಮೇಲೆ, ರೊಟ್ಟಿಯಲ್ಲಿ ಅನ್ನ, ಕಾಳು ಸುತ್ತಿಕೊಡುವ ಬುರಿಟೋ ಅಂಗಡಿಗೆ ಹೋಗುವುದು ನಮ್ಮ ಪದ್ಧತಿ. ಬಟ್ಟೆ ಒಗೆಯುವ ಲಾಂಡ್ರಿಯ ಪಕ್ಕದ ಆ ಅಂಗಡಿಯಲ್ಲಿ ಕೆಂಪು ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಊಟ ಬರುತ್ತಿತ್ತು. ದೊಡ್ಡಪ್ಪ ಕೌಂಟರಿನಲ್ಲಿ ನಿಂತು, "ನೋ ಮೀಟ್, ನೋ ಎಗ್, ಫುಲ್ ಖಾರ" ಎಂದರೆ ಅಲ್ಲಿನ ಹೆಂಗಸು "ಫುಲ್ ಕಾರಾ" ಎಂದು ಅಡುಗೆಮನೆಗೆ ಕೂಗುವಷ್ಟು ಹಳೆಯ ಗಿರಾಕಿಗಳು ನಾವು. ದೊಡ್ಡಮ್ಮ ಅಲ್ಲಿನ ನಾಲ್ಕು ಬಗೆಯ ಸಾಲ್ಸಾ ಚಟ್ನಿಗಳನ್ನೂ ನೆಕ್ಕಿ ನೋಡಿ, "ಹಸಿರಂದು ಛಲೋ ಐತಿ, ಕೆಂಪಂದಕ್ಕ ಉಪ್ಪು ಸಾಲದು" ಎಂದು ತೀರ್ಪು ಕೊಡುತ್ತಿದ್ದಳು. ಅವತ್ತು ಯಾರೂ ಏನೂ ನೆಕ್ಕಲಿಲ್ಲ.

"ಕರೆದು ಆಮೇಲೆ ನಿಂತ್ಕೊಂಡ್ಯಲ್ಲೋ ರಘು," ಎಂದರು ದೊಡ್ಡಪ್ಪ ಅಪ್ಪನಿಗೆ.

"ನಾನು ಕರೀಲೇ ಇಲ್ಲ ಅಣ್ಣ. ಯಾರೋ ಕೂಗಿದ್ರು."

"ನಿನ್ನ ದನಿ ನನಗೆ ಗೊತ್ತಿಲ್ವಾ? ನೀನು ತೊಟ್ಟಿಲಲ್ಲಿ ಅತ್ತಾಗಿಂದ ಕೇಳ್ತಿದೀನಿ."

"ಅಂದ್ರೆ ನಾನು ಸುಳ್ಳು ಹೇಳ್ತಿದೀನಾ?"

ದೊಡ್ಡಪ್ಪ ತಮ್ಮ ಬುಟ್ಟಿಯನ್ನು ಎತ್ತಿಕೊಂಡು ಕಿಟಕಿಯ ಪಕ್ಕದ ಬೇರೆ ಟೇಬಲಿಗೆ ಹೋಗಿ ಕೂತರು. ಅದೇ ಕೊನೆ. ಆಮೇಲೆ ಮೂರು ವಾರ ಅವರು ಅಪ್ಪನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. "ನಿಮ್ಮಪ್ಪನಿಗೆ ಹೇಳು, ಕಾರು ಅಡ್ಡ ಇದೆ ಅಂತ" ಎಂದು ನನ್ನ ಮೂಲಕ ಹೇಳಿಸುವರು. ಅಪ್ಪ ಎರಡಡಿ ದೂರದಲ್ಲೇ ನಿಂತಿರುತ್ತಿದ್ದ. ಅಪ್ಪ, "ತೆಗೀತೀನಿ ಅಂತ ಹೇಳು" ಎನ್ನುವನು. ಇಬ್ಬರ ದನಿಯನ್ನೂ ಬಲ್ಲ ನಾನು ಟಪಾಲಿನವನಾದೆ. ಅಣಕಿಸುವುದನ್ನು ಪೂರ್ತಿ ಬಿಟ್ಟೆ. ಅಮ್ಮ ಹಣೆ ಮುಟ್ಟಿ ಜ್ವರ ಇದೆಯೇ ನೋಡಿದಳು. ಅನಘ ಬಾಯಿ ಬಿಡದಿರುವುದಕ್ಕೆ ಪ್ರತಿಯಾಗಿ ತನ್ನ ಬಟ್ಟೆಗಳನ್ನೆಲ್ಲ ನನ್ನ ಕೈಯಲ್ಲಿ ಮಡಿಸಿಸಿದಳು. ಒಂದು ಸಂಜೆ ದೊಡ್ಡಪ್ಪ ದೊಡ್ಡಮ್ಮನಿಗೆ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಬೆಟ್ಟದಾಚೆಯ ಲಿವರ್‌ಮೋರ್ ಕಡೆ ಮನೆ ನೋಡೋಣ, ನಮ್ಮ ಪಾಡಿಗೆ ನಾವಿರೋಣ ಎಂದರು. ಹಿತ್ತಲ ಕೋಣೆಯಲ್ಲಿದ್ದ ನನಗೂ ಅದು ಕೇಳಿಸಿತು. ಒಂದು ಕೂಗಿಗೆ ಒಂದು ವಿಕೆಟ್ ಬೀಳುವುದು ಸರಿ. ಒಂದು ಮನೆ ಬೀಳುತ್ತದೆಂದು ನಾನು ಎಣಿಸಿರಲಿಲ್ಲ.

ಗರಾಜಿನ ಗಾಜಿನ ಬುರುಡೆಯಲ್ಲಿ ಗುಳ್ಳೆ ಏಳುವುದು ನಿಂತು ವಾರವಾಗಿತ್ತು. ಬಾಟಲಿಗೆ ತುಂಬದಿದ್ದರೆ ಕೆಡುತ್ತದೆ. ಇಬ್ಬರು ಗಂಡಸರೂ ಅತ್ತ ಸುಳಿಯಲಿಲ್ಲ. ಕಡೆಗೆ ಶನಿವಾರ ಮಧ್ಯಾಹ್ನ ದೊಡ್ಡಮ್ಮ ಸೆರಗು ಸಿಕ್ಕಿಸಿ ಹಾಲಿಗೆ ಬಂದು ನಿಂತಳು. "ಮಾತಾಡೂದು ಬಿಡೂದು ನಿಮಗ ಬಿಟ್ಟಿದ್ದು. ನನ್ ಪಾತೇಲಿಯೊಳಗ ಕುದಿಸಿದ್ದು ಕೆಟ್ಟು ಹೋಗಬಾರದು. ಏಳ್ರಿ ಎಲ್ಲಾರೂ." ಎದ್ದರು. ಗರಾಜಿನಲ್ಲಿ ಎಲ್ಲರೂ ಅವರವರ ಜಾಗದಲ್ಲಿ ನಿಂತರು. ಬಾಟಲಿಗಳು ಕಿಣಿಕಿಣಿ ಎಂದವು. ಅಪ್ಪ ಮಂಡಿಯೂರಿ ಕೊಳವೆಯನ್ನು ಬಾಯಲ್ಲಿಟ್ಟುಕೊಂಡ. ದೊಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ಮುಚ್ಚಳ ಎಣಿಸುತ್ತಿದ್ದರು. ತಪ್ಪೊಪ್ಪಿಕೊಳ್ಳಲು ಮೂರು ವಾರ ಮಾತು ಜೋಡಿಸಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಬಂದದ್ದು ಅದೊಂದೇ, ಅದೇ ದನಿಯಲ್ಲಿ:

"ಅಣ್ಣಾ, ಇನ್ನೊಂದಿದೆ, ಬಾ ಬಾ ಬಾ!"

ದೊಡ್ಡಪ್ಪ ಗಕ್ಕನೆ ಅಪ್ಪನ ಕಡೆ ತಿರುಗಿದರು. ಅಪ್ಪನ ಕೆನ್ನೆ ಉಬ್ಬಿತ್ತು, ಬಾಯಲ್ಲಿ ಕೊಳವೆ, ಕಣ್ಣುಗುಡ್ಡೆ ಹೊರಗೆ. ಮಾತಾಡಿದವನು ಅವನಾಗಿರಲು ಸಾಧ್ಯವೇ ಇರಲಿಲ್ಲ. ಆಮೇಲೆ ಆರು ಜನರಿದ್ದ ಗರಾಜಿನಲ್ಲಿ ಐದು ಜೊತೆ ಕಣ್ಣುಗಳು ನನ್ನ ಮೇಲೆ ಬಿದ್ದವು. ದೊಡ್ಡಪ್ಪ ಹತ್ತಿರ ಬಂದು ಬಾಗಿದರು.

"ನೀನಾ ಮರೀ?"

ಹೌದೆಂದು ತಲೆಯಾಡಿಸಿದೆ.

"ಯಾಕೋ ಕರೆದೆ?"

"ಎರಡನೇ ರನ್ ಇತ್ತು ದೊಡ್ಡಪ್ಪ," ಎಂದೆ. ಈ ಸಲ ಮಿಕ್ಸಿಯೊಳಗಿನ ಚಮಚದ ದನಿ, ಅಳು ಬೇರೆ ಸೇರಿತ್ತು. "ಹೆಬ್ಬಾತು ಅಡ್ಡ ಬಂದಿದ್ವು. ಇತ್ತು. ನಾನು ಅಂತ ಗೊತ್ತಾದ್ರೆ ನೀವು ಓಡ್ತಿರ್ಲಿಲ್ಲ."

ಕೊಳವೆ ಬಾಯಿಂದ ಜಾರಿ ಬಿಯರು ನೆಲದ ಮೇಲೆ ಹರಿಯುತ್ತಿತ್ತು. ಯಾರೂ ಹಿಡಿಯಲಿಲ್ಲ. ಆ ನೆಲ ಈಗ ಬೇರೆ ಯಾರದೋ. ದೊಡ್ಡಪ್ಪ ಆಮೇಲೆ ಬ್ಯಾಟು ಹಿಡಿಯಲಿಲ್ಲ. ಏಳು ವರ್ಷದ ನಂತರ, ಯಾವ ಜಗಳವೂ ಇಲ್ಲದೆ, ಅವರ ಕೆಲಸ ಲಿವರ್‌ಮೋರ್‌ಗೆ ಹೋಯಿತು, ಅಪ್ಪನದು ಇನ್ನೊಂದು ಕಡೆಗೆ. ಮನೆ ಖಾಲಿ ಮಾಡಿದ ದಿನ, ಹಾಸಿಗೆಗಳೂ ಹೋದ ಮೇಲೆ, ಆ ಹನ್ನೆರಡು ಬಾಟಲಿಗಳನ್ನು ಗರಾಜಿನ ಬಾಗಿಲಲ್ಲಿ ಕೂತು ತೆಗೆದರು. ನೊರೆ ಸತ್ತಿತ್ತು, ಒದ್ದೆ ರಟ್ಟಿನ ರುಚಿಯಂತೆ. ದೊಡ್ಡವರೆಲ್ಲ ಮುಖ ಕಿವುಚಿಕೊಂಡೇ ಕೊನೆಯ ಹನಿಯವರೆಗೆ ಕುಡಿದರು. ಮೊನ್ನೆ ಆ ಬೀದಿಯಲ್ಲಿ ಹೋದಾಗ ಗರಾಜಿನ ಬಾಗಿಲು ತೆರೆದಿತ್ತು. ಒಳಗೆ ಕಾರು ನಿಂತಿತ್ತು, ಗರಾಜುಗಳಲ್ಲಿ ನಿಲ್ಲುವ ಹಾಗೆ. ಮೂಗೆಳೆದು ನೋಡಿದೆ. ಬರೀ ಟೈರಿನ ವಾಸನೆ. ಎಲ್ಲರ ಎಲ್ಲ ಮಾತುಗಳನ್ನೂ ನಾನು ಮದುವೆ ಮುಂಜಿಗಳಲ್ಲಿ ಅಣಕಿಸಿ ನಗಿಸುತ್ತೇನೆ. ಬಿಯರು ನೆಲಕ್ಕೆ ಹರಿಯುತ್ತಿದ್ದ ಆ ಶನಿವಾರ ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ, ಮೂರು ವಾರದ ನಂತರ ಅಪ್ಪನ ಮುಖವನ್ನು ನೇರ ನೋಡಿ ಆಡಿದ ಮಾತನ್ನು ಮಾತ್ರ ಇನ್ನೂ ಅಣಕಿಸಿಲ್ಲ. ಅವರು ಹೇಳಿದ್ದು ಇಷ್ಟು:

"ಕೇಳಿಸ್ತೇನೋ ರಘು? ರನ್ ಇತ್ತು. ತಪ್ಪು ಕೂಗಿದವಂದಲ್ಲ, ಓಡದೆ ನಿಂತ್ಕೊಂಡ ನಿಂದು."